15 ಸಾವಿರದೊಳಗೆ ಟ್ಯೂಬ್ ಪ್ರೀಆಂಪ್: ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲು ಯಾವುದು ತಗೊಳ್ಳಲಿ?

ಸಂಜೆರಾಗ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆಯ ಒಂದು ಕೋಣೆಯಲ್ಲೇ ಭಾವಗೀತೆ ಹಾಡಿ ರೆಕಾರ್ಡ್ ಮಾಡುತ್ತೇನೆ. ಇರುವುದು ಇಷ್ಟು: ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸ್, ಮೂರನೇ ಜನರೇಶನ್), ಆಡಿಯೋ ಟೆಕ್ನಿಕಾದ ಎಟಿ2020 ಕಂಡೆನ್ಸರ್ ಮೈಕ್, ಹಳೇ ಶೂರ್ ಎಸ್‌ಎಂ58 ಡೈನಾಮಿಕ್ ಮೈಕ್, ಲ್ಯಾಪ್‌ಟಾಪಿನಲ್ಲಿ ರೀಪರ್ ರೆಕಾರ್ಡಿಂಗ್ ಸಾಫ್ಟ್‌ವೇರ್.

ಧ್ವನಿ ಸ್ಪಷ್ಟವಾಗಿಯೇ ಬರುತ್ತದೆ. ಆದರೆ ಜೀವ ಇಲ್ಲ. ತೆಳ್ಳಗೆ ಇರುತ್ತದೆ, ಮೇಲಿನ ಸ್ವರಕ್ಕೆ ಹೋದರೆ ಕಿವಿಗೆ ಚುಚ್ಚುತ್ತದೆ. ಹಳೇ ರೆಕಾರ್ಡುಗಳಲ್ಲಿ ಕೇಳುವ ಆ ತುಂಬಿದ ಧ್ವನಿ ಬರುತ್ತಿಲ್ಲ. ಟ್ಯೂಬ್ ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ, ಒಳಗೆ ಗಾಜಿನ ಟ್ಯೂಬ್ ಅಂದರೆ ವಾಲ್ವ್ ಇರುವ ಪೆಟ್ಟಿಗೆ) ಹಾಕಿದರೆ ಸರಿಹೋಗುತ್ತದೆ ಎಂದು ಎಲ್ಲೆಲ್ಲೂ ಓದಿದೆ. ಎಆರ್‌ಟಿ ಟ್ಯೂಬ್ ಎಂಪಿ, ಬೆಹ್ರಿಂಗರ್ ಮಿಕ್100, ಪ್ರಿಸೋನಸ್ ಟ್ಯೂಬ್‌ಪ್ರೀ, ಈ ಮೂರು ಹೆಸರು ಜಾಸ್ತಿ ಕಾಣಿಸಿದವು. ಯಾವುದು ತಗೊಳ್ಳಲಿ? ಮೈದುನ ಬಾಸ್ ಗಿಟಾರ್ ನುಡಿಸುತ್ತಾನೆ, ಅವನಿಗೂ ಉಪಯೋಗ ಆದರೆ ಒಳ್ಳೆಯದು.

ಧಾರವಾಡ ಪೇಡೆ:
ಕಣ್ಣು ಮುಚ್ಚಿ ಟ್ಯೂಬ್ ಎಂಪಿ ತಗೊಳ್ರೀ ಮೇಡಂ. ಅಂಗೈಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ಎರಡು ಗುಂಡಿ, 48 ವೋಲ್ಟ್ ಫ್ಯಾಂಟಮ್ (ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಹೋಗುವ ಕರೆಂಟ್), ಫೇಸ್ ತಿರುಗಿಸುವ ಬಟನ್, ಸಿಗ್ನಲನ್ನು 20 ಡಿಬಿ (ಡೆಸಿಬಲ್) ಹೆಚ್ಚಿಸುವ ಬಟನ್, ಗಿಟಾರ್ ಸಿಕ್ಕಿಸಲು ಜಾಕ್. ಇನ್ನೇನು ಬೇಕು? ನಾನು ಹಾರ್ಮೋನಿಯಂ, ಹಾಡು ಎರಡಕ್ಕೂ ಬಳಸುತ್ತೇನೆ. ಕೇಳಿದವರೆಲ್ಲ ಚಲೋ ಐತಿ ಅಂತಾರೆ.

ಲೂಪ್‌ಬ್ಯಾಕ್:
ತಗೊಳ್ಳುವ ಮೊದಲು ಒಂದು ಪ್ರಶ್ನೆ ಮೇಡಂ. ಕೋಣೆ ಹೇಗಿದೆ? ನೆಲ ಟೈಲ್ಸಾ? ಮೈಕ್ ಎಷ್ಟು ದೂರ ಇಡುತ್ತೀರಿ? ಹಾಡುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಏನು ಕೇಳಿಸುತ್ತದೆ ಹೇಳಿ.

ಸಂಜೆರಾಗ:
ನೆಲ ವಿಟ್ರಿಫೈಡ್ ಟೈಲ್ಸ್. ಮೂರು ಕಡೆ ಬರೀ ಗೋಡೆ, ಒಂದು ಕಡೆ ಗಾಜಿನ ಕಿಟಕಿ. ಮೈಕ್ ಒಂದೂವರೆ ಅಡಿ ದೂರ. ಚಪ್ಪಾಳೆ ತಟ್ಟಿದರೆ "ಟ್ರಿಂಯ್" ಎಂದು ಒಂದು ಬಾಲ ಕೇಳಿಸುತ್ತದೆ.

ತುಂತುರು:
ಆ ಬಾಲಕ್ಕೂ ಟ್ಯೂಬ್ ಹಾಕಿದರೆ ಬೆಚ್ಚಗಿನ ಬಾಲ ಸಿಗುತ್ತದೆ 😀

ಹಳೇ ವಾಲ್ವ್:
ಈ ವಿಷಯಕ್ಕೆ ನಾನು ಸುಮ್ನೆ ಇರಲಾರೆ. ವಾಲ್ವ್ ರೇಡಿಯೋ ರಿಪೇರಿ ಮಾಡಿಕೊಂಡೇ ತಲೆ ನರೆತವನು. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ನೀವು ಹೇಳಿದ ಮೂರೂ ಪೆಟ್ಟಿಗೆಗಳಲ್ಲಿ ಇರುವುದು ಒಂದೇ ವಾಲ್ವ್, 12ಎಎಕ್ಸ್7. ಯೂರೋಪಿನವರು ಇದನ್ನೇ ಇಸಿಸಿ83 ಎನ್ನುತ್ತಾರೆ. ಒಂದು ಗಾಜಿನ ಬುರುಡೆಯೊಳಗೆ ಎರಡು ಟ್ರಯೋಡ್, ಅಂದರೆ ಸಿಗ್ನಲ್ ಹಿಗ್ಗಿಸುವ ಎರಡು ಭಾಗ. ಗಿಟಾರ್ ಆಂಪ್‌ಗಳಲ್ಲೂ ಇದೇ. ಇದರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಎಷ್ಟು ಪಟ್ಟು ಹಿಗ್ಗಿಸಬಲ್ಲದು ಎಂಬ ಅಳತೆ) 100. ತಯಾರಕರ ಡೇಟಾಶೀಟ್ ತೆಗೆದು ನೋಡಿ, ಪ್ಲೇಟಿಗೆ (ವಾಲ್ವಿನೊಳಗೆ ಕರೆಂಟು ಎಳೆಯುವ ತಗಡಿಗೆ) 100 ವೋಲ್ಟ್, 250 ವೋಲ್ಟ್ ಕೊಟ್ಟಾಗ ಹೇಗೆ ನಡೆದುಕೊಳ್ಳುತ್ತದೆ ಎಂದು ಬರೆದಿರುತ್ತಾರೆ. ಅಂದರೆ ಅದು ಹೈ ವೋಲ್ಟೇಜಿನಲ್ಲಿ ದುಡಿಯಲೆಂದೇ ಹುಟ್ಟಿದ ಸಾಮಾನು.

ಈಗ ಅಗ್ಗದ ಪೆಟ್ಟಿಗೆಗೆ ಬನ್ನಿ. ಸಣ್ಣ ಅಡಾಪ್ಟರ್‌ನಿಂದ ನಡೆಯುವ ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಪ್ಲೇಟಿಗೆ ಸಿಗುವುದು ಕೆಲವು ಹತ್ತು ವೋಲ್ಟ್ ಅಷ್ಟೇ. ಇದಕ್ಕೆ 'ಸ್ಟಾರ್ವ್ಡ್ ಪ್ಲೇಟ್' ಅನ್ನುತ್ತಾರೆ. ಹೊಟ್ಟೆಗೆ ಹಾಕದೆ ದುಡಿಸಿದ ಹಾಗೆ. ಮೈಕಿನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ನಿಜವಾದ ಕೆಲಸ ಮಾಡುವುದು ಟ್ರಾನ್ಸಿಸ್ಟರ್ ಅಥವಾ ಆಪ್-ಆಂಪ್ ಚಿಪ್. ನಡುವೆ ಸಿಗ್ನಲ್ ವಾಲ್ವ್ ಮೂಲಕ ಒಂದು ಸುತ್ತು ಹೋಗಿ ಬರುತ್ತದೆ. ಅಲ್ಲಿ ಬೇಗ ಡಿಸ್ಟಾರ್ಟ್ ಆಗುತ್ತದೆ, ಅಂದರೆ ಸಿಗ್ನಲಿನ ಆಕಾರ ಕೆಡುತ್ತದೆ. ಆ ಡಿಸ್ಟಾರ್ಶನ್ನೇ ಅವರು ಮಾರುವ ಬಣ್ಣ.

ಕೆಲವು ಪೆಟ್ಟಿಗೆಗಳಲ್ಲಿ ವಾಲ್ವಿನ ಹಿಂದೆ ಕಿತ್ತಳೆ ಬಣ್ಣದ ಎಲ್‌ಇಡಿ ಕೂಡಿಸಿರುತ್ತಾರೆ. ಕಿಂಡಿಯಲ್ಲಿ ಕೆಂಪಗೆ ಹೊಳೆಯುವುದು ಫಿಲಮೆಂಟ್ ಅಲ್ಲ, ಆ ಎಲ್‌ಇಡಿ. ನಿಜವಾದ 12ಎಎಕ್ಸ್7ನ ಹೀಟರ್ ಬೆಳಕು ಅಷ್ಟೊಂದು ಇರುವುದಿಲ್ಲ. ಕತ್ತಲಲ್ಲಿ ಬಗ್ಗಿ ನೋಡಿದರೆ ತುದಿಯಲ್ಲಿ ಒಂದು ಚುಕ್ಕೆ ಕಾಣುತ್ತದೆ ಅಷ್ಟೇ.

ಸರಿಯಾದ ವಾಲ್ವ್ ಪ್ರೀಆಂಪ್ ಏಕೆ ದುಬಾರಿ? ವಾಲ್ವ್ ದುಬಾರಿ ಎಂದಲ್ಲ. ಹೈ ವೋಲ್ಟೇಜ್ ಸಪ್ಲೈ, ಅದನ್ನು ತಡೆಯುವ ಕೆಪಾಸಿಟರ್‌ಗಳು, ಎಲ್ಲಕ್ಕಿಂತ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್. 1:10 ಅನುಪಾತದ ಒಂದು ಒಳ್ಳೆಯ ಇನ್‌ಪುಟ್ ಟ್ರಾನ್ಸ್‌ಫಾರ್ಮರ್ ಗದ್ದಲ ಸೇರಿಸದೆ 20 ಡಿಬಿ ಎತ್ತಿ ಕೊಡುತ್ತದೆ. ಅದರ ಬೆಲೆಗೆ ಒಂದು ಅಗ್ಗದ ಪ್ರೀಆಂಪೇ ಬಂದುಬಿಡುತ್ತದೆ. ನೀವು ಹೇಳುವ ಹಳೇ ರೆಕಾರ್ಡುಗಳ ಧ್ವನಿಯಲ್ಲಿ ಆ ಟ್ರಾನ್ಸ್‌ಫಾರ್ಮರ್, ಟೇಪು, ಒಳ್ಳೆಯ ಹಾಲ್ ಎಲ್ಲದರ ಪಾಲೂ ಇದೆ. ಬರೀ ವಾಲ್ವಿಗೆ ಹಾರ ಹಾಕಬೇಡಿ.

ಧಾರವಾಡ ಪೇಡೆ:
ಸರ್, ನಿಮ್ಮ ಅನುಭವಕ್ಕೆ ಶರಣು. ಆದರೆ ಹೊಟ್ಟೆಗೆ ಹಾಕಿದರೋ ಬಿಟ್ಟರೋ, ಕಿವಿಗೆ ಚಲೋ ಕೇಳಿಸಿದರೆ ಸಾಕಲ್ಲ? ಡೇಟಾಶೀಟ್ ಓದಿ ಹಾಡು ಕೇಳುತ್ತಾರೇನ್ರೀ ಯಾರಾದರೂ?

ಹಳೇ ವಾಲ್ವ್:
ಒಪ್ಪಿದೆ. ಬಣ್ಣ ಎಂದು ತಿಳಿದು ಕೊಂಡರೆ ನನ್ನ ತಕರಾರಿಲ್ಲ. 'ಪ್ರೀಆಂಪ್ ಉತ್ತಮ ಆಗುತ್ತದೆ' ಎಂದುಕೊಂಡು ತಗೊಂಡರೆ ತಕರಾರಿದೆ. ಗದ್ದಲದ ವಿಷಯದಲ್ಲಿ ಆ ಸ್ಕಾರ್ಲೆಟ್ ಒಳಗಿನ ಚಿಪ್ಪೇ ವಾಸಿ.

ಲೂಪ್‌ಬ್ಯಾಕ್:
ಮೇಡಂ, ನಿಮ್ಮ ಸಮಸ್ಯೆಯ ದೊಡ್ಡ ಪಾಲು ಆ "ಟ್ರಿಂಯ್". ಟೈಲ್ಸ್, ಗಾಜು, ಗೋಡೆ ಎಲ್ಲ ಸೇರಿ ಮೇಲಿನ ಫ್ರೀಕ್ವೆನ್ಸಿಗಳನ್ನು ವಾಪಸ್ ಮೈಕಿಗೆ ಎಸೆಯುತ್ತಿವೆ. ಒಂದೂವರೆ ಅಡಿ ದೂರದಲ್ಲಿ ನಿಮ್ಮ ಧ್ವನಿಯ ಜೊತೆಗೆ ಕೋಣೆಯ ಧ್ವನಿಯೂ ಸಾಕಷ್ಟು ಸೇರುತ್ತದೆ. ಅದಕ್ಕೇ ಚುಚ್ಚುವುದು. ಟ್ಯೂಬ್ ಪ್ರೀಆಂಪ್ ಆ ಬಾಲವನ್ನೂ ಸೇರಿಸಿಯೇ ದಪ್ಪ ಮಾಡುತ್ತದೆ, ಬೇರ್ಪಡಿಸುವುದಿಲ್ಲ.

ಮೊದಲು ಖರ್ಚಿಲ್ಲದ ಕೆಲಸ. ಬಟ್ಟೆ ತುಂಬಿದ ಬೀರು ಇದ್ದರೆ ಬಾಗಿಲು ತೆರೆದು ಅದಕ್ಕೆ ಬೆನ್ನು ಹಾಕಿ ನಿಲ್ಲಿ. ಮೈಕಿನ ಮುಖ ನಿಮ್ಮ ಕಡೆಗೆ ಇರುತ್ತದೆ, ಅಂದರೆ ಅದು ನೋಡುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಬಟ್ಟೆಯನ್ನು. ಎಟಿ2020 ಕಾರ್ಡಿಯಾಯ್ಡ್ ಮೈಕ್, ಹಿಂದಿನದನ್ನು ಕಡಿಮೆ ಹಿಡಿಯುತ್ತದೆ. ಆದ್ದರಿಂದ ಹಾಸಿಗೆ, ರಜಾಯಿ ತೂಗುಹಾಕಬೇಕಾದ್ದು ಹಾಡುವವರ ಬೆನ್ನ ಹಿಂದೆ. ತುಂಬಾ ಜನ ಮೈಕಿನ ಹಿಂದೆ ಮಾತ್ರ ಫೋಮ್ ಅಂಟಿಸುತ್ತಾರೆ. ನೆಲಕ್ಕೆ ಜಮಖಾನ ಹಾಕಿ. ಮೈಕಿಗೆ ಒಂದು ಗೇಣಿನಷ್ಟು ಹತ್ತಿರ ಬನ್ನಿ, ಪಾಪ್ ಫಿಲ್ಟರ್ ಇಟ್ಟುಕೊಳ್ಳಿ. ಹತ್ತಿರ ಬಂದಷ್ಟೂ ಕೆಳಗಿನ ಫ್ರೀಕ್ವೆನ್ಸಿ ತಾನಾಗಿ ಹೆಚ್ಚುತ್ತದೆ. ನೀವು ಹುಡುಕುತ್ತಿರುವ ತುಂಬಿದ ಧ್ವನಿಯಲ್ಲಿ ಅರ್ಧ ಅಲ್ಲೇ ಸಿಗಬಹುದು. ಫ್ಯಾನ್ ಆಫ್ ಮಾಡುವುದು ಹೇಗೂ ಗೊತ್ತಿರುತ್ತದೆ. ಪಕ್ಕದ ಮನೆಯ ಕುಕ್ಕರ್‌ಗೆ ನನ್ನ ಹತ್ತಿರ ಮದ್ದಿಲ್ಲ.

ಪಕ್ಕವಾದ್ಯ:
ಗೇನ್ (ಸಿಗ್ನಲನ್ನು ಎತ್ತುವ ಪ್ರಮಾಣ) ಸಾಲದೆ ಟ್ಯೂಬ್ ಪ್ರೀಆಂಪ್ ಹುಡುಕುವವರೂ ಇದ್ದಾರೆ. ಆ ಲೆಕ್ಕವನ್ನೂ ಯಾರಾದರೂ ಬಿಡಿಸಿ ಹೇಳಿ. ಎಸ್‌ಎಂ58ಗೆ ಸ್ಕಾರ್ಲೆಟ್ ಗುಂಡಿ ಪೂರ್ತಿ ತಿರುಗಿಸಿದರೆ ಸ್ಸ್‌ಸ್ ಎಂದು ಸದ್ದು ಬರುತ್ತದೆ.

ಲೂಪ್‌ಬ್ಯಾಕ್:
ಲೆಕ್ಕ ಸುಲಭ. ಒಂದೇ ಮಟ್ಟದ ಶಬ್ದಕ್ಕೆ (1 ಪ್ಯಾಸ್ಕಲ್) ಎಟಿ2020 ಸುಮಾರು 14.1 ಮಿಲಿವೋಲ್ಟ್ ಕೊಡುತ್ತದೆ, ಎಸ್‌ಎಂ58 ಸುಮಾರು 1.85 ಮಿಲಿವೋಲ್ಟ್. ಹತ್ತಿರ ಹತ್ತಿರ 18 ಡಿಬಿ ವ್ಯತ್ಯಾಸ. ಶೂರ್‌ನ ಇನ್ನೊಂದು ಡೈನಾಮಿಕ್ ಮೈಕ್ ಎಸ್‌ಎಂ7ಬಿ ಇನ್ನೂ ಕಡಿಮೆ, 1.12 ಮಿಲಿವೋಲ್ಟ್. ಮೂರನೇ ಜನರೇಶನ್ 2ಐ2 ಕೊಡುವ ಗೇನ್ 56 ಡಿಬಿ. ಎಟಿ2020ಗೆ ಅದು ಧಾರಾಳ. ಎಸ್‌ಎಂ58ರಲ್ಲಿ ಮೆತ್ತಗೆ ಹಾಡಿದರೆ ಅಂಚಿಗೆ ಬರುತ್ತದೆ. ಎಸ್‌ಎಂ7ಬಿಗೆ ಕಷ್ಟ.

ಗೇನ್ ಮಾತ್ರ ಬೇಕಿದ್ದರೆ ಟ್ಯೂಬ್ ಬೇಡ. ಕ್ಲೌಡ್‌ಲಿಫ್ಟರ್ ಅಥವಾ ಫೆಟ್‌ಹೆಡ್ ತರಹದ ಬೂಸ್ಟರ್ ಸಾಕು. ಫ್ಯಾಂಟಮ್ ಕರೆಂಟಿನಲ್ಲೇ ನಡೆಯುತ್ತದೆ, ಸುಮಾರು 25 ಡಿಬಿ ಎತ್ತುತ್ತದೆ, ಬಣ್ಣ ಹಚ್ಚುವುದಿಲ್ಲ. ಇವು ಡೈನಾಮಿಕ್ ಮೈಕಿಗೆ ಮಾತ್ರ. ಕಂಡೆನ್ಸರ್‌ಗೆ ನಡುವೆ ಹಾಕಿದರೆ ಮೈಕಿಗೆ ಫ್ಯಾಂಟಮ್ ತಲುಪುವುದೇ ಇಲ್ಲ.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿ ಸೆಕೆಂಡ್ ಹ್ಯಾಂಡ್ ಟ್ಯೂಬ್ ಎಂಪಿ ತುಂಬಾ ಅಗ್ಗ. ಯಾರಾದರೂ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳಿ. ಆದರೆ ಅಡಾಪ್ಟರ್ 120 ವೋಲ್ಟಿನದು. ಅದನ್ನು ನಮ್ಮ 230 ವೋಲ್ಟಿಗೆ ಪಿನ್ ಕನ್ವರ್ಟರ್ ಹಾಕಿ ಸಿಕ್ಕಿಸಿದರೆ ಅಡಾಪ್ಟರ್ ಹೊಗೆಯಾಡುತ್ತದೆ. ಪೆಟ್ಟಿಗೆ ತನ್ನಿ, ಅಡಾಪ್ಟರ್ ಊರಲ್ಲೇ ತಗೊಳ್ಳಿ.

ಸ್ವಲ್ಪ ದುಡ್ಡು ಸೇರಿಸಲು ಆಗುವವರಿಗೆ ಅದೇ ಕಂಪನಿಯ ಪ್ರೋ ಎಂಪಿಎ 2 ನೋಡಿ ಎನ್ನುತ್ತೇನೆ. ಎರಡು ಚಾನೆಲ್. ಪ್ಲೇಟ್ ವೋಲ್ಟೇಜ್ ಹೆಚ್ಚು ಕಡಿಮೆ ಮಾಡುವ ಸ್ವಿಚ್ ಇದೆ, ಮೈಕ್ ಇನ್‌ಪುಟ್ಟಿನ ಇಂಪೀಡೆನ್ಸ್ (ಸಿಗ್ನಲಿಗೆ ಒಡ್ಡುವ ತಡೆ) ಬದಲಿಸುವ ಗುಂಡಿಯೂ ಇದೆ. ಹಳೇ ವಾಲ್ವ್ ಸರ್ ಸ್ವಲ್ಪ ಸಮಾಧಾನಪಡಬಹುದು.

ಹಳೇ ವಾಲ್ವ್:
ಅರ್ಧ ಸಮಾಧಾನ.

ತುಂತುರು:
ಸರ್, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಎಂದು ಬರೆದ ಹಳೇ ವಾಲ್ವ್‌ಗಳು ನೋಡಿದ್ದೆ. ಅವನ್ನು ಈ ಪೆಟ್ಟಿಗೆಗೆ ಹಾಕಿದರೆ ಧ್ವನಿ ಬದಲಾಗುತ್ತಾ?

ಹಳೇ ವಾಲ್ವ್:
ಬಿಇಎಲ್ ವಾಲ್ವ್ ಎಂದರೆ ನನಗೆ ಬೇರೆ ಕೆಲಸ ಬೇಡ! 1954ರಲ್ಲಿ ಶುರುವಾದ ಕಾರ್ಖಾನೆ, ಮುಂದೆ ನಮ್ಮ ಜಾಲಹಳ್ಳಿಯಲ್ಲೇ ರೇಡಿಯೋ ವಾಲ್ವ್‌ಗಳು ತಯಾರಾಗುತ್ತಿದ್ದವು. ದೇಶದ ಎಷ್ಟೋ ಮನೆಗಳ ರೇಡಿಯೋ ಅವುಗಳಿಂದ ಹಾಡಿದೆ. ಇವತ್ತಿಗೂ ಹೊರದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ.

ಆದರೆ ಪೆಟ್ಟಿಗೆಯ ಮೇಲಿನ ಅಚ್ಚು ನೋಡಿ ಮರುಳಾಗಬೇಡಿ. ಯಾರೋ ಬಿಚ್ಚಿದ ಸೆಟ್ಟಿನ ಸವೆದ ವಾಲ್ವನ್ನು ಒರೆಸಿ ಮಾರುವವರೂ ಇದ್ದಾರೆ. ವಾಲ್ವ್ ಟೆಸ್ಟರ್‌ನಲ್ಲಿ ಹಾಕಿ ತೋರಿಸಿದರೆ ತಗೊಳ್ಳಿ. ಬುರುಡೆಯ ನೆತ್ತಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣದ ಲೇಪ ಇರುತ್ತದೆ, ಗೆಟರ್. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಕತೆ ಮುಗಿಯಿತು. ಹಾಕಿದ ಮೇಲೆ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಹೆಡ್‌ಫೋನಿನಲ್ಲಿ "ಠಿಣ್" ಎಂದು ಮೊಳಗಿದರೆ ಅದು ಮೈಕ್ರೋಫೋನಿಕ್, ಅಂದರೆ ಅದುರಿದ್ದನ್ನೆಲ್ಲ ಸದ್ದು ಮಾಡುವ ವಾಲ್ವ್. ಕಡಿಮೆ ಮಟ್ಟದ ಸಿಗ್ನಲಿಗೆ ಬೇಡ.

ಪ್ರಶ್ನೆಗೆ ಉತ್ತರ: ಅರೆಹೊಟ್ಟೆಯ ಸರ್ಕ್ಯೂಟಿನಲ್ಲಿ ಒಳ್ಳೆಯ ವಾಲ್ವ್ ಹಾಕಿದರೂ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ. 12ಎಎಕ್ಸ್7 ಜಾಗದಲ್ಲಿ 5751 ಕೂರುತ್ತದೆ. ಕಾಲುಗಳ ಜೋಡಣೆ ಒಂದೇ, ಅದರ ಫ್ಯಾಕ್ಟರ್ 70. ಡಿಸ್ಟಾರ್ಶನ್ ಸ್ವಲ್ಪ ತಗ್ಗಬಹುದು. ಅದಕ್ಕೆಂದು ಜಾಸ್ತಿ ದುಡ್ಡು ಸುರಿಯಬೇಡಿ.

ಇನ್ನೊಂದು ಮಾತು, ಹುಡುಗರು ಓದುತ್ತಿದ್ದರೆ. ಸಣ್ಣ ಅಡಾಪ್ಟರಿನ ಪೆಟ್ಟಿಗೆ ಬಿಚ್ಚುವುದಕ್ಕೂ ನಿಜವಾದ ಹೈ ವೋಲ್ಟೇಜ್ ಪ್ರೀಆಂಪ್ ಬಿಚ್ಚುವುದಕ್ಕೂ ಅಜಗಜಾಂತರ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ. ಡಿಸ್ಚಾರ್ಜ್ ಮಾಡಿ ಮೀಟರ್ ಹಿಡಿದು ನೋಡದೆ ಕೈ ಹಾಕಬೇಡಿ.

ಸಂಜೆರಾಗ:
ತುಂಬಾ ವಿಷಯ ತಿಳಿಯಿತು. ಬಣ್ಣ ಬಣ್ಣ ಎನ್ನುತ್ತಿದ್ದೀರಲ್ಲ, ಹಾಡುವವಳ ಭಾಷೆಯಲ್ಲಿ ಅದು ಏನು?

ಲೂಪ್‌ಬ್ಯಾಕ್:
ನಿಮ್ಮ ಮಧ್ಯ ಷಡ್ಜ 220 ಹರ್ಟ್ಸ್ ಎಂದುಕೊಳ್ಳಿ. ಟ್ರಯೋಡ್ ಅದರ ಜೊತೆಗೆ ಸ್ವಲ್ಪ 440 ಸೇರಿಸುತ್ತದೆ. ಅದು ತಾರ ಷಡ್ಜ. ಮೂರನೆಯದು 660, ಅಂದರೆ ತಾರಸ್ಥಾಯಿಯ ಪಂಚಮ. ಎಲ್ಲ ಶ್ರುತಿಗೆ ಹೊಂದುವ ಸ್ವರಗಳೇ. ಅದಕ್ಕೇ ಒಂಟಿ ಧ್ವನಿಗೆ ಸ್ವಲ್ಪ ಹಾಕಿದರೆ ತುಂಬಿದ ಹಾಗೆ ಕೇಳಿಸುತ್ತದೆ.

ಆದರೆ ಎರಡು ಸ್ವರ ಒಟ್ಟಿಗೆ ಹೋದರೆ ಕತೆ ಬೇರೆ. 220ರ ಷಡ್ಜದ ಜೊತೆ 247.5ರ ಚತುಶ್ರುತಿ ರಿಷಭ ಒಂದೇ ಪೆಟ್ಟಿಗೆಯಲ್ಲಿ ಹಾದರೆ, ಅವುಗಳ ಮೊತ್ತ 467.5 ಕೂಡ ಹುಟ್ಟುತ್ತದೆ. ಅದು ತಾರಸ್ಥಾಯಿಯ ಶುದ್ಧ ರಿಷಭದ ಹತ್ತಿರ ಬೀಳುತ್ತದೆ. ನೀವು ಹಾಡಿಲ್ಲ, ಯಾರೂ ನುಡಿಸಿಲ್ಲ, ಆದರೂ ಇರುತ್ತದೆ. ವ್ಯತ್ಯಾಸದ ಸ್ವರವೂ ಹುಟ್ಟುತ್ತದೆ, ಕೆಳಗೆ 27.5ರಲ್ಲಿ. ಹೀಗಾಗಿ ತಂಬೂರಿ, ಹಾರ್ಮೋನಿಯಂ, ಹಾಡು ಎಲ್ಲ ಒಂದೇ ಮೈಕಿನಲ್ಲಿ ಹಿಡಿದು ಟ್ಯೂಬನ್ನು ಜೋರು ಮಾಡಿದರೆ ಕೆಸರಾಗುತ್ತದೆ. ಒಂದೊಂದಕ್ಕೆ ಬೇರೆ ಬೇರೆ ಟ್ರ್ಯಾಕ್ ಇರಲಿ.

ಧಾರವಾಡ ಪೇಡೆ:
ಓಹೋ, ಹಾರ್ಮೋನಿಯಂ ಜೋಡಿ ಹಾಡಿದಾಗ ಗುಯ್ ಎನ್ನುವುದು ಇದಕ್ಕೇನೋ! ಹಾಗಂತ ಪೆಟ್ಟಿಗೆ ಮಾರುವುದಿಲ್ಲ, ಬೇರೆ ಬೇರೆ ಮಾಡಿ ನೋಡುತ್ತೇನೆ.

ಲೂಪ್‌ಬ್ಯಾಕ್:
ಮಾರಬೇಡಿ. ಅದನ್ನು ರೆಕಾರ್ಡ್ ಆದ ಮೇಲೆ ಎಫೆಕ್ಟ್ ತರಹ ಬಳಸಿ, ನನ್ನ ಪ್ರಕಾರ ಅದೇ ಸರಿಯಾದ ಉಪಯೋಗ. ಧ್ವನಿಯನ್ನು ಸ್ಕಾರ್ಲೆಟ್‌ನಲ್ಲೇ ಶುದ್ಧವಾಗಿ ಹಿಡಿಯಿರಿ. 24 ಬಿಟ್, ಜೋರು ಜಾಗದಲ್ಲೂ ಮೀಟರ್ ಮೈನಸ್ 12 ಡಿಬಿಯ ಆಸುಪಾಸು. ಆಮೇಲೆ ಆ ಟ್ರ್ಯಾಕನ್ನು ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ, ಹಿಂದಿನ ಔಟ್‌ಪುಟ್ 1ರಿಂದ ಟ್ಯೂಬ್ ಎಂಪಿಯ ಕಾಲಿಂಚು ಜಾಕಿಗೆ ಕೊಡಿ. ಮಾನಿಟರ್ ಗುಂಡಿ ತಗ್ಗಿಸಿಟ್ಟು ಶುರು ಮಾಡಿ. ಅದರ ಔಟ್‌ಪುಟ್ಟನ್ನು ಸ್ಕಾರ್ಲೆಟ್‌ನ ಇನ್‌ಪುಟ್ 2ಕ್ಕೆ ತಂದು ಹೊಸ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಹೊಸ ಟ್ರ್ಯಾಕಿನ ಮಾನಿಟರಿಂಗ್, ಡೈರೆಕ್ಟ್ ಮಾನಿಟರ್ ಎರಡೂ ಆಫ್ ಇರಬೇಕು. ಇಲ್ಲದಿದ್ದರೆ ಸಿಗ್ನಲ್ ಸುತ್ತುತ್ತಾ ಕಿರುಚುತ್ತದೆ. ಸ್ಪೀಕರ್ ಬಿಟ್ಟು ಹೆಡ್‌ಫೋನಿನಲ್ಲಿ ಕೇಳಿ. ಹೀಗೆ ಮಾಡಿದರೆ ಹಾಡುವಾಗ ಬಣ್ಣ ಜಾಸ್ತಿ ಆಯಿತೇನೋ ಎಂಬ ಚಿಂತೆ ಇಲ್ಲ, ಮೂಲ ಹಾಗೇ ಉಳಿದಿರುತ್ತದೆ.

ಯಾರೇ ಆಗಲಿ, ಹೊರಗಿನ ಪ್ರೀಆಂಪ್ ಜೋಡಿಸುವಾಗ ಸ್ಕಾರ್ಲೆಟ್‌ನ ಕಾಂಬೋ ಜಾಕಿನ ಎಕ್ಸ್‌ಎಲ್‌ಆರ್ ಕಡೆ (ಮೂರು ಪಿನ್ನಿನ ಮೈಕ್ ಕೇಬಲ್ ಹೋಗುವಲ್ಲಿ) ಹಾಕಬೇಡಿ. ಅದು ಮತ್ತೆ ಮೈಕ್ ಪ್ರೀಆಂಪಿಗೇ ಹೋಗುತ್ತದೆ, ಒಂದರ ಮೇಲೊಂದು ಎರಡು. ಕಾಲಿಂಚು ಟಿಆರ್‌ಎಸ್ ಕೇಬಲ್ ಹಾಕಿ, 'ಇನ್‌ಸ್ಟ್' (ಗಿಟಾರ್ ತರಹದ ವಾದ್ಯಕ್ಕೆಂದು ಇರುವ ಬಟನ್) ಆಫ್ ಇರಲಿ, ಆಗ ಲೈನ್ ಇನ್‌ಪುಟ್. ಅಗ್ಗದ ಟ್ಯೂಬ್ ಪ್ರೀಆಂಪ್ ಬರೀ ಗದ್ದಲ ಎಂದು ಬೈಯುವವರಲ್ಲಿ ಎಷ್ಟೋ ಜನರ ಮನೆಯಲ್ಲಿ ಕೇಬಲ್ ಈ ತಪ್ಪು ತೂತಿನಲ್ಲಿ ಇರುತ್ತದೆ.

ಹೋಲಿಸಿ ಕೇಳುವಾಗ ಎರಡೂ ಟ್ರ್ಯಾಕಿನ ಮಟ್ಟ ಸಮ ಮಾಡಿಕೊಳ್ಳಿ. ಒಂದು ಡಿಬಿ ಜೋರಾಗಿದ್ದರೂ ಸಾಕು, ಕಿವಿ ಅದನ್ನೇ ಚೆನ್ನಾಗಿದೆ ಎನ್ನುತ್ತದೆ. ಪೆಟ್ಟಿಗೆ ಕೊಳ್ಳುವ ಮೊದಲೇ ರುಚಿ ನೋಡಬೇಕಾದರೆ ಸಾಫ್ಟ್‌ಟ್ಯೂಬ್‌ನ ಸ್ಯಾಚುರೇಶನ್ ನಾಬ್, ಕ್ಲಾಂಗ್‌ಹೆಲ್ಮ್‌ನ ಐವಿಜಿಐ ಎರಡೂ ಉಚಿತ ಪ್ಲಗಿನ್. ಅವುಗಳಲ್ಲಿ ನಿಮ್ಮ ಧ್ವನಿ ಇಷ್ಟ ಆಗದಿದ್ದರೆ ಪೆಟ್ಟಿಗೆಯಲ್ಲೂ ಇಷ್ಟ ಆಗುವುದು ಅನುಮಾನ.

ಪಕ್ಕವಾದ್ಯ:
ನಾನು ಟ್ಯೂಬ್ ಎಂಪಿ ಇಟ್ಟುಕೊಂಡಿರುವುದು ಟ್ಯೂಬಿಗಾಗಿ ಅಲ್ಲವೇ ಅಲ್ಲ. ಪಿಟೀಲಿನ ಪೀಜೋ ಪಿಕಪ್ಪಿಗೆ (ವಾದ್ಯದ ಅದುರನ್ನು ಹಿಡಿದು ಸಿಗ್ನಲ್ ಮಾಡುವ ಪುಟ್ಟ ಸಾಧನ). ಪೀಜೋಗೆ ಹೈ ಇಂಪೀಡೆನ್ಸ್ ಇನ್‌ಪುಟ್ ಬೇಕು, ಮೆಗಾಓಮ್ ಲೆಕ್ಕದಲ್ಲಿ. ಮಾಮೂಲಿ ಲೈನ್ ಇನ್‌ಪುಟ್ಟಿಗೆ ಸಿಕ್ಕಿಸಿದರೆ ಕೆಳಗಿನದೆಲ್ಲ ಹೋಗಿ ಕೀರಲಾಗುತ್ತದೆ. ಕಚೇರಿಗೆ ಹೋದಾಗ ಈ ಪೆಟ್ಟಿಗೆ ಚೀಲದಲ್ಲಿರುತ್ತದೆ. ಎಕ್ಸ್‌ಎಲ್‌ಆರ್ ಔಟ್ ತೆಗೆದು ಸೌಂಡ್‌ನವರ ಕೈಗೆ ಕೊಟ್ಟರೆ ಮುಗಿಯಿತು, ಮಾತೇ ಬೇಡ. ನಿಮ್ಮ ಮೈದುನನ ಬಾಸ್‌ಗೂ ಇದು ಚೆನ್ನಾಗಿ ಒಪ್ಪುತ್ತದೆ. ಬಾಸ್‌ನಲ್ಲಿ ಸ್ವಲ್ಪ ಟ್ಯೂಬ್ ಕೊಳಕು ಬೇಕೇ ಬೇಕು.

ಸಂಜೆರಾಗ:
ಬೀರು ತೆರೆದು ಬೆನ್ನು ಹಾಕಿ ನಿಂತು, ಜಮಖಾನ ಹಾಸಿ, ಒಂದು ಗೇಣು ದೂರದಿಂದ ಹಾಡಿ ನೋಡಿದೆ. ಇದು ನನ್ನದೇ ಮೈಕಾ ಅನ್ನಿಸಿತು! ಚುಚ್ಚುವುದು ತುಂಬಾ ಕಡಿಮೆಯಾಗಿದೆ. ಐವಿಜಿಐಯನ್ನು ಸ್ವಲ್ಪ ಹಾಕಿದರೆ ಇಷ್ಟವಾಗುತ್ತದೆ. ಜಾಸ್ತಿ ಮಾಡಿದರೆ 'ಶ', 'ಸ' ಎಲ್ಲ ಕರಕರ ಎನ್ನುತ್ತವೆ. ಸದ್ಯಕ್ಕೆ ನನ್ನ ಹಾಡಿಗೆ ಪೆಟ್ಟಿಗೆ ಬೇಡ.

ಆದರೆ ಮೈದುನ ಇದನ್ನೆಲ್ಲ ಓದಿ ಬಾಸ್‌ಗೆ ಟ್ಯೂಬ್ ಎಂಪಿ ಬೇಕೇ ಬೇಕು ಎಂದು ಕೂತಿದ್ದಾನೆ. ಸ್ನೇಹಿತನ ಹತ್ತಿರ ಒಂದು ಹಳೆಯದು ಇದೆ, ಅಡಾಪ್ಟರ್ ಕಳೆದುಹೋಗಿದೆ. ಅವನ ಗಿಟಾರ್ ಪೆಡಲ್ಲಿನ 9 ವೋಲ್ಟ್ ಅಡಾಪ್ಟರ್ ನಡೆಯುತ್ತದಾ?

ಹಳೇ ವಾಲ್ವ್:
ನಡೆಯುವುದಿಲ್ಲ. ಹಾಕಲೂಬೇಡಿ. ಪೆಡಲ್ಲಿನದು 9 ವೋಲ್ಟ್ ಡಿಸಿ. ಟ್ಯೂಬ್ ಎಂಪಿಗೆ ಬೇಕಾದ್ದು 9 ವೋಲ್ಟ್ ಎಸಿ. ಒಳಗೆ ಫ್ಯಾಂಟಮ್ಮಿನ 48 ವೋಲ್ಟ್ ಮಾಡಿಕೊಳ್ಳುವುದು ಆ ಎಸಿಯಿಂದಲೇ, ಡಿಸಿ ಕೊಟ್ಟರೆ ಆ ಭಾಗ ಕೆಲಸ ಮಾಡುವುದಿಲ್ಲ.

ಅಂಗಡಿಯಲ್ಲಿ ಅಡಾಪ್ಟರಿನ ಚೀಟಿ ಓದಿ. 'ಔಟ್‌ಪುಟ್' ಎಂದಿರುವ ಸಾಲಿನಲ್ಲಿ 9ರ ಪಕ್ಕ ಅಲೆಯಂತಹ ಗುರುತು (~) ಇದ್ದರೆ ಎಸಿ. ಒಂದು ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ ಇದ್ದರೆ ಡಿಸಿ. ಅಂಗಡಿಯವರು "ಎಲ್ಲ ಒಂದೇ ಸಾರ್" ಎಂದರೆ ಪಕ್ಕದ ಅಂಗಡಿಗೆ ಹೋಗಿ. ಮಿಲಿಆಂಪ್ ಪೆಟ್ಟಿಗೆಯ ಹಿಂದೆ ಬರೆದದ್ದಕ್ಕಿಂತ ಕಡಿಮೆ ಇರಬಾರದು, ಜಾಸ್ತಿ ಇದ್ದರೆ ತೊಂದರೆ ಇಲ್ಲ. ಕೈಯಲ್ಲಿ ಹಿಡಿದಾಗ ಭಾರ ಇರಬೇಕು, ಒಳಗೆ ನಿಜವಾದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಹಗುರ ಇದ್ದರೆ ಅದು ಮೊಬೈಲ್ ಚಾರ್ಜರಿನ ತಮ್ಮ.

ಸಂಜೆರಾಗ:
ಸರಿ ಸರ್, ಶನಿವಾರ ಬೆಂಗಳೂರಿಗೆ ಬರುವುದಿದೆ. ಮೈದುನನನ್ನು ಎಸ್.ಪಿ. ರೋಡಿಗೆ ಕಳಿಸುತ್ತೇನೆ. ಬಿಇಎಲ್ ವಾಲ್ವ್ ಕೂಡ ತರುತ್ತೇನೆ ಎನ್ನುತ್ತಿದ್ದಾನೆ, ತಡೆಯಲಾ?

ಹಳೇ ವಾಲ್ವ್:
ಟೆಸ್ಟರ್ ಇರುವ ಅಂಗಡಿಯಾದರೆ ತಡೆಯಬೇಡಿ. ಎರಡು ಸಿಕ್ಕರೆ ಒಂದು ನನಗೆ ಇಡಲು ಹೇಳಿ.